ಸವಳ ಹಿತ್ತಲಕ್ಕ ಬಂದ ಶ್ಯಾಣ್ಯಾ ಮಂದಿ

ಬರ್ರಿ, ಕುಂಡರ್ರಿ. ಆ ಕಂಬಕ್ಕ ಬೆನ್ನ ಹಚ್ಚಿ ಕುಂಡರ್ರಿ, ಕಾಲ ಚಾಚಿದ್ರೂ ನಡೀತೈತಿ, ನಾ ಏನೂ ಅನ್ನಾಕಿ ಅಲ್ಲ. ನಡುವ ಎದ್ದು ಹೋಗಬ್ಯಾಡ್ರಿ ಅಷ್ಟ. ಈ ಕಥಿ ಬಾಯಾಗ ಇದ್ದದ್ದು, ಎಳಿ ಒಮ್ಮಿ ಹರೀತಂದ್ರ ನಾ ಮತ್ತ ಮೊದಲಿಂದ ಹಿಡೀಬೇಕಾಗತೈತಿ, ಆಮ್ಯಾಲೆ ನಿಮಗ ಊಟಕ್ಕ ಹೊತ್ತಾಗತೈತಿ.

ಜೀವಮಾನದಾಗ ಒಂದ ಮಾತು ಕಂಡೇನಿ. ಬೆಳಿ ನಿಂತ ಹೊಲದ ಕಡೆ ಯಾರೂ ಹಣಿಕಿ ಹಾಕೂದಿಲ್ಲ. ಏನೂ ಬೆಳೀದ ಒಂದು ತುಂಡ ನೆಲ ನಿಮ್ಮ ಹತ್ರ ಐತಿ ಅಂತ ಗೊತ್ತಾಗಲಿ, ಹತ್ತೂರಿನ ಶ್ಯಾಣ್ಯಾರು ದಾರಿ ಕೇಳ್ಕೋತ ಬರ್ತಾರ. ಬಂದು ರೊಟ್ಟಿ ತಿಂತಾರ, ಬುದ್ಧಿ ಹೇಳ್ತಾರ, ಬಾಯಿ ಒರಸ್ಕೊಂಡು ಹೋಗ್ತಾರ. ನೆಲ ಹೆಂಗ ಇತ್ತೋ ಹಂಗ, ರೊಟ್ಟಿ ಬುಟ್ಟಿ ಮಾತ್ರ ಬರಿದು. ನಮ್ಮ ಹಿತ್ತಲಕ್ಕ ಒಂದ ವರ್ಷದಾಗ ಎಷ್ಟ ಮಂದಿ ಬಂದ್ರು ಅಂದ್ರ, ಬರೇ ಅವರ ಬುದ್ಧಿ ಬಿತ್ತಿದ್ರ ಕಣಜ ತುಂಬತಿತ್ತು.

ಒಂದು: ಅತ್ತಿ ಹಾಕಿದ ಕರಾರು

ನನ್ನ ತವರು ಘೋಡಗೇರಿ. ಕೊಟ್ಟದ್ದು ಮಸಗುಪ್ಪಿಗೆ. ಆಗ ಇನ್ನೂ ಇಂಗ್ರೇಜರ ರಾಜ್ಯ. ಕಾಲುವಿ ನೀರು ಬಂದು ಗಂಡಸರಿಗೆ ಹುಚ್ಚ ಹಿಡಿದಿತ್ತು. ಮ್ಯಾಲಿನ ಹೊಲದವರು ಕಬ್ಬು ಕಬ್ಬು ಅಂತ ನೀರು ಬಿಟ್ಟದ್ದ ಬಿಟ್ಟದ್ದು, ಗಿಡ ಬಾಯಾರ್ಯಾವೋ ಇಲ್ಲೋ ಅಂತ ಒಬ್ಬನೂ ಬಗ್ಗಿ ನೋಡಲಿಲ್ಲ. ಆ ನೀರೆಲ್ಲಾ ಒಳಗ ಹರಕೊಂಡು ಬಂದು ನಮ್ಮ ಹಿತ್ತಲದಾಗ ನಿಂತಿತು. ಬಿಸಲಿಗೆ ನೀರು ಹೋತು, ಉಪ್ಪು ಉಳೀತು. ನೆಲ ಬೆಳ್ಳಗಾತು. ಅದಕ್ಕ ನಾವು ಸವಳು ಅಂತೀವಿ. ಹೊಸಬರು ಬಂದ್ರ, ಯಾರ್ರೀ ಇಲ್ಲಿ ಸುಣ್ಣ ಚೆಲ್ಯಾರು ಅಂತ ಕೇಳ್ತಿದ್ರು. ಹಿಂದಿನ ಮಣ್ಣಿನ ಗ್ವಾಡಿ ಬುಡದಾಗ ಉಪ್ಪು ತಿಂದು ತಿಂದು, ಕೈ ಹಚ್ಚಿದ್ರ ಹಿಟ್ಟಿನಂಗ ಉದರ್ತಿತ್ತು.

ಮಾವನವರು ನಾ ಬರೂಕಿಂತ ಮೊದಲ ಹೋಗಿದ್ರು. ಮನಿ ನಡಸಾಕಿ ಅತ್ತಿ. ಆಕಿಗೆ ಇಬ್ಬರು ಮಕ್ಕಳು. ಹಿರ್‍ಯಾರು ನಮ್ಮ ಮನಿಯವರು. ಅವರ ಬಾಯಿಂದ ಒಂದ ಮಾತು ಹೊರಡಬೇಕಾದ್ರ ಒಂದು ಹಬ್ಬ ಬಂದು ಹೋಗಬೇಕು. ಕಿರ್‍ಯಾಂವ ನನ್ನ ಮೈದುನ. ಅಣ್ಣ ಬಿಟ್ಟ ಮಾತೆಲ್ಲಾ ಅಂವ ಆಡಿ ಮುಗಸ್ತಿದ್ದ.

ಬಾಜೂ ಮನಿ ಸಾಹುಕಾರಗ ನಮ್ಮ ಹಿತ್ತಲದ ಮ್ಯಾಲೆ ಕಣ್ಣು. ಅಲ್ಲಿ ಕಬ್ಬಿನ ಗಾಣ ಹಾಕಬೇಕಂತ ಅವನ ಆಸಿ. ಗಾಣಕ್ಕ ಉಪ್ಪಾದ್ರೇನು ಸಪ್ಪಾದ್ರೇನು. ಒಂದು ಜೋಡಿ ಹೋರಿ ಕೊಡ್ತೇನಿ, ಹಿತ್ತಲ ಬಿಟ್ಟು ಕೊಡ್ರಿ ಅಂದ. ಅತ್ತಿ ಮನಸ್ಸು ಹೋರಿ ಕಡೆ ವಾಲಿತು.

ನನ್ನ ಎಮ್ಮಿ ಕಟ್ಟೂದು ಆ ಹಿತ್ತಲದಾಗ. ಲಗ್ನದಾಗ ನಮ್ಮವ್ವ ಬಳುವಳಿ ಕೊಟ್ಟ ಎಮ್ಮಿ ಅದು. ನಾ ಹಾಕಿದ ಮೇವಲ್ಲದ ಬ್ಯಾರೆಯವರ ಮೇವು ಮೂಸತಿರ್ಲಿಲ್ಲ. ಆ ಮನ್ಯಾಗ ನನ್ನ ಕೂಡ ತವರಿಂದ ಬಂದದ್ದು ಅದೊಂದ. ಮುಂದಿನ ಕೊಟ್ಟಿಗ್ಯಾಗ ಎತ್ತಿಗೇ ಜಾಗ ಸಾಲ್ತಿರ್ಲಿಲ್ಲ. ಹಿತ್ತಲ ಹೋದ್ರ ಎಮ್ಮಿ ವಾಪಸ್ ಘೋಡಗೇರಿಗೆ ಹೊಡಿಯೂದ ಅಂತ ಅತ್ತಿ ಒಂದ ಮಾತಿನಾಗ ಮುಗಿಸಿದ್ಳು.

ನಾ ಸೆರಗು ಬಿಗಿ ಮಾಡ್ಕೊಂಡು ಕೇಳೇಬಿಟ್ಟೆ. "ಅತ್ತಿಯವ್ರ, ಅಲ್ಲಿ ಏನರೆ ಹಸರ ನಿಂತ್ರ?"

ಅತ್ತಿ ನಕ್ಕಳು. ಸಾಹುಕಾರ ನಕ್ಕ. ಎಮ್ಮಿಯೂ ಒಮ್ಮಿ ತಲಿ ಎತ್ತಿ ನೋಡಿತು.

"ಮುಂದಿನ ಯುಗಾದಿ ಮಟಾ ಕೊಡ್ತೇನಿ," ಅಂದ್ಳು ಅತ್ತಿ. "ಹಸರಂತ ಏನರೆ ನಿಂತ್ರ ಹಿತ್ತಲ ನಿಂದು. ನಿಲ್ಲದಿದ್ರ ಹೋರಿ ಒಳಗ ಬರ್ತಾವ, ಎಮ್ಮಿ ಹೊರಗ ಹೋಗತೈತಿ."

ಸಾಹುಕಾರ ದೊಡ್ಡ ಮನಸ್ಸು ಮಾಡಿ, ಒಂದ ವರ್ಷ ಯಾಕ ಅಕ್ಕಾರ, ಹತ್ತ ವರ್ಷ ಕೊಡ್ರಿ ಅಂದ. ಅಷ್ಟ ಧೈರ್ಯ ಅವಂಗ. ಮರುದಿನ ಕಬ್ಬಿಣದ ಗಾಣ ಚಕ್ಕಡಿಯಾಗ ಹೇರಿಸಿ ತಂದು ನಮ್ಮ ಹಿತ್ತಲದ ಗ್ವಾಡಿ ಬಾಜೂಕ ಇಳಿಸಿಯೂ ಬಿಟ್ಟ. ಅದರಿಂದ ಒಂದು ಉಪಕಾರ ಆತು. ನಮ್ಮ ಎಮ್ಮಿಗೆ ಮೈ ತಿಕ್ಕೊಳ್ಳಾಕ ಛಲೋ ಜಾಗ ಸಿಕ್ತು.

ಎರಡು: ಮಣ್ಣ ತಿನ್ನೂ ಮಾವ

ಮೊದಲ ಬಂದಾಂವ ನಮ್ಮ ಮನಿಯವರ ಸ್ವಾದರಮಾವ, ಬೆಲ್ಲದ ಬಾಗೇವಾಡಿಯಿಂದ. ಮಣ್ಣ ಬಾಯಾಗ ಹಾಕ್ಕೊಂಡು, ಇಲ್ಲಿ ಜ್ವಾಳ ಬರತೈತಿ, ಇಲ್ಲಿ ಹತ್ತಿ ಬರತೈತಿ ಅಂತ ಹೇಳಾಂವ. ಸುತ್ತಲಿನ ನಾಲ್ಕ ಊರಾಗ ಅವನ ನಾಲಿಗಿ ಹೆಸರಾಗಿತ್ತು. ಅತ್ತಿಗೆ ತಮ್ಮ ಅಂದ್ರ ಪ್ರಾಣ. ಅಂವ ಹೇಳಿದ್ರ ಮುಗೀತು, ಅದಕ್ಕ ಎದರಾಡೂ ಹಂಗಿಲ್ಲ.

ಬಂದಾಂವ ಮೊದಲ ಆರು ರೊಟ್ಟಿ, ಒಂದು ಬೋಗಾಣಿ ಝುಣಕ ಮುಗಿಸಿದ. ಆಮ್ಯಾಲೆ ಹಿತ್ತಲದಾಗ ಕಂಬಳಿ ಹಾಸಿಸ್ಕೊಂಡು ಕುಂತ. ನಾಲ್ಕೂ ಮೂಲಿ ಮಣ್ಣು ಬ್ಯಾರೆ ಬ್ಯಾರೆ ತಾ ತಂಗಿ ಅಂದ. ನಾ ನಾಲ್ಕು ತಟ್ಟಿಯಾಗ ತಂದಿಟ್ಟೆ. ನೋಡಾಕ ಓಣಿ ಮಂದಿಯೆಲ್ಲಾ ಬಂದಿತ್ತು.

ಮೊದಲನೇ ತಟ್ಟಿ ಮಣ್ಣು ನಾಲಿಗಿ ಮ್ಯಾಲೆ ಇಟ್ಕೊಂಡ, ಉಗುಳಿದ. ಉಪ್ಪು ಅಂದ. ಬೆಳ್ಳಗ ಕಾಣೂ ಉಪ್ಪನ್ನ ಉಪ್ಪು ಅನ್ನಾಕ ಬಾಗೇವಾಡಿಯಿಂದ ಬರಬೇಕಾಗಿರ್ಲಿಲ್ಲ, ಆದ್ರೂ ಮಂದಿ ಹೌದೌದು ಅಂದ್ರು. ಎರಡನೇದು ತಿಂದು, ಉಪ್ಪೈತಿ, ಉಪ್ಪಿನ ಹಿಂದ ಕಹಿ ಐತಿ ಅಂದ. ಮೂರನೇದಕ್ಕ, ಇದರಾಗ ಹುರಳಿ ಬರತೈತಿ, ಉಪ್ಪೊಂದು ಹೋದ್ರ ಅಂದ. ನಾಲ್ಕನೇದು ಬಾಯಾಗ ಇಟ್ಕೊಂಡಾಂವ ಕಣ್ಣು ಮುಚ್ಚಿದ. ಉಗುಳಲಿಲ್ಲ. ಇನ್ನೊಂದು ಚಿಟಿಕಿ ಹಾಕ್ಕೊಂಡ.

"ಅಕ್ಕಾ, ಮಣ್ಣಂದ್ರ ಇದು," ಅಂದ. "ಕಸುವೈತಿ, ಘಮ ಐತಿ. ಇಡೀ ಊರಾಗ ಇದಕ್ಕಿಂತ ಛಲೋ ಮಣ್ಣು ನಿಮಗ ಸಿಗೂದಿಲ್ಲ. ಎಲ್ಲಿಂದ ತಂದಿ ತಂಗಿ ಇದನ್ನ?"

ನಾ ಏನ ಸುಳ್ಳ ಹೇಳಲಿ. "ಎಮ್ಮಿ ಕಟ್ಟೂ ಮೂಲಿಯಿಂದ್ರಿ ಮಾವಾರ. ಗೂಟದ ಹಿಂದ."

ಮಾವ ಎಮ್ಮಿ ಕಡೆ ನೋಡಿದ. ಎಮ್ಮಿಗೂ ಕರದ್ರು ಅನ್ನಿಸಿತೋ ಏನೋ, ಬಾಲ ಎತ್ತಿ ಅದ ಜಾಗಕ್ಕ ಮತ್ತೊಂದಿಷ್ಟು ಕಸುವು ಬಿಟ್ಟಿತು.

ಅತ್ತಿ ಚರಗಿ ಮ್ಯಾಲೆ ಚರಗಿ ನೀರು ಕೊಟ್ಳು, ಅಂವ ಮುಕ್ಕಳಿಸಿದ್ದ ಮುಕ್ಕಳಿಸಿದ್ದು. ಸಂಜಿ ಊಟಕ್ಕ ನಿಲ್ಲಲಿಲ್ಲ, ಸಿಕ್ಕ ಚಕ್ಕಡಿ ಹತ್ತಿದ. ನಮ್ಮ ಮನಿಯವರು ಆ ತಿಂಗಳಿನ ಮಾತನ್ನ ಆವಾಗ ಆಡಿದ್ರು. "ಮಾವಗ ಮಣ್ಣ ಗೊತ್ತೋ ಇಲ್ಲೋ," ಅಂದ್ರು, "ಎಮ್ಮಿ ಅಂತೂ ಗೊತ್ತಾತು."

ಮೂರು: ಸಮುದ್ರ ನೋಡಿ ಬಂದ ಮೈದುನ

ನನ್ನ ಮೈದುನ ಆ ಬ್ಯಾಸಿಗ್ಯಾಗ ಬೆಲ್ಲದ ಚಕ್ಕಡಿಗಳ ಕೂಡ ಕಾರವಾರಕ್ಕ ಹೋಗಿ ಬಂದ. ಅಲ್ಲಿ ಮಟಾ ಗೋಕಾಕದ ಧುಮುಕೂ ನೀರು ಬಿಟ್ರ ಬ್ಯಾರೆ ನೀರು ನೋಡಿದಾಂವಲ್ಲ. ಬಂದಮ್ಯಾಲೆ ಮಾತ ಬದಲಾತು. ಸಾರಿಗೆ ಉಪ್ಪು ಕಡಿಮಿ ಆಗೈತಿ ಅನ್ನಾಕೂ, "ಸಮುದ್ರದ ದಂಡ್ಯಾಗ ಏನಂದ್ರ ವೈನಿ," ಅಂತ ಸುರು ಮಾಡ್ತಿದ್ದ.

ಕಾರವಾರದಾಗ ಉಪ್ಪ ನೀರಿನ ಬಾಜೂಕ ತೆಂಗಿನ ತ್ವಾಟ ಕಂಡು ಬಂದಿದ್ದ. ಅಲ್ಲಿಯವರು ತೆಂಗಿನ ಕುಣಿಗೆ ಉಪ್ಪು ಹಾಕೂದನ್ನೂ ಕಂಡು ಬಂದಿದ್ದ. ಸೀದಾ ಐದು ತೆಂಗಿನ ಸಸಿ, ಜೊತಿಗೆ ಒಂದು ಚೀಲ ಉಪ್ಪು ಚಕ್ಕಡಿಯಾಗ ಹಾಕ್ಕೊಂಡು ಬಂದ. ವೈನಿ, ನೀವು ಬಾಜೂಕ ಸರೀರಿ, ಈ ಹಿತ್ತಲ ನಾ ಹಸರ ಮಾಡ್ತೇನಿ, ಯುಗಾದಿಗೆ ಎಳನೀರು ಕುಡಸ್ತೇನಿ ಅಂದ.

ನಾ ಸಮಾಧಾನದಿಂದ ಹೇಳಿದೆ. ಅಲ್ಲಪ್ಪಾ, ಅಲ್ಲಿ ನೆಲದಾಗ ಉಪ್ಪು ಕಡಿಮಿ ಇದ್ದಲ್ಲಿ ಹಾಕ್ತಿರಬೇಕು. ಇಲ್ಲಿ ನೆಲ ತನ್ನ ಪಾಲು ತಾನ ಹಾಕ್ಕೊಂಡು ಕುಂತೈತಿ. ಅಂವ ನನ್ನ ಮುಖ ನೋಡಿ ಮರುಗಿದ. "ವೈನಿ, ನೀವು ಸಮುದ್ರ ನೋಡಿಲ್ಲ, ನಿಮ್ಮದೇನು ತಪ್ಪಿಲ್ಲ," ಅಂದ.

ಎಲ್ಲೆಲ್ಲಿ ಅಗದಿ ಬೆಳ್ಳಗಿತ್ತೋ ಅಲ್ಲೆಲ್ಲಾ ಐದು ಕುಣಿ ತೋಡಿದ. ಕುಣಿಗೆ ಬೊಗಸಿ ಬೊಗಸಿ ಉಪ್ಪು ಸುರುವಿದ. ಅದೂ ಸಾಲದ ದಿನಾ ಮುಂಜಾನಿ ಒಂದು ಕೊಡ ನೀರಾಗ ಉಪ್ಪು ಕಲಸಿ ಎರೀತಿದ್ದ. ಯಾಕೋ ಅಂದ್ರ, ತೆಂಗಿಗೆ ಊರ ನೆನಪಾಗಿ ಬ್ಯಾಸರ ಆಗಬಾರದು ವೈನಿ ಅಂದ. ಮದವಿ ಆಗಿ ಬಂದು ನಾಲ್ಕ ವರ್ಷ ಆಗಿತ್ತು, ನನಗ ಊರ ನೆನಪಾಗತೈತೇನು ಅಂತ ಆ ಮನ್ಯಾಗ ಒಬ್ಬರೂ ಕೇಳಿರ್ಲಿಲ್ಲ. ತೆಂಗಿನ ದೈವ ನೋಡ್ರಿ.

ಹದಿನೈದು ದಿನದಾಗ ಗರಿ ತುದಿ ಸುಟ್ಟಂಗಾತು. ತಿಂಗಳದಾಗ ಐದೂ ಒಣಗಿ ಕಸಬರಗಿ ಆದ್ವು. ಸತ್ತಾವಲ್ಲೋ ಅಂದ್ರ, ಇಲ್ಲ ವೈನಿ, ನಿದ್ದಿ ಹೋಗ್ಯಾವ, ದೂರ ಪ್ರಯಾಣ ಮಾಡಿ ಬಂದಾವು ಅಂದ. ಊರ ಆಡಿಗೆ ಸುದ್ದಿ ಹೆಂಗ ಹತ್ತಿತೋ, ದಿನಾ ಸಂಜಿಮುಂದ ಹಿಂಡ ಬಂದು ಆ ಕುಣಿ ನೆಕ್ಕಿ ಹೋಗ್ತಿತ್ತು. ಆಡಿನ ಮಾಲಕರು ನನ್ನ ಮೈದುನನ ಭಾಳ ಹೊಗಳಿದ್ರು. ಚೀಲದಾಗ ಉಳಿದ ಉಪ್ಪನ್ನ ಅತ್ತಿ ಸುಮ್ಮನ ಉಪ್ಪಿನಕಾಯಿಗೆ ಎಳಕೊಂಡ್ಳು. ಆ ಬ್ಯಾಸಿಗ್ಯಾಗ ನಮ್ಮ ಹಿತ್ತಲದಾಗ ಏನ ಬೆಳೀತು ಅಂತ ಯಾರರೆ ಕೇಳಿದ್ರ ನಾ ಖರೇನ ಹೇಳ್ತಿದ್ದೆ: ಊರ ಆಡು ಬೆಳದ್ವು.

ನಾಲ್ಕು: ಟೊಪ್ಪಿಗಿ ಸಾಹೇಬನ ಬೂಟು

ಈಗ ನಾ ಏನ ಮಾಡಾಕತ್ತಿದ್ದೆ ಕೇಳ್ರಿ.

ಘೋಡಗೇರಿ ಹಳ್ಳದ ದಂಡಿಗೂ ಹಿಂತಾದ ಬಿಳೇ ನೆಲ ಐತಿ. ಅಲ್ಲಿ ಹುಲ್ಲು ಸುದ್ದಾ ಬರೂದಿಲ್ಲ, ಲಕ್ಕಿ ಬರತೈತಿ. ಲಕ್ಕಿ ಅಂದ್ರ ಆ ಐದ ಬಟ್ಟಿನ ಎಲಿ, ನೀಲಿ ಹೂವಿನ ಕಂಟಿ. ಬಾಣಂತಿ ನೀರಿಗೆ ಹಾಕ್ತೀವಿ, ಕಾಳಿಗೆ ಹುಳ ಹತ್ತಬಾರದಂತ ಕಣಜದಾಗ ಇಡ್ತೀವಿ, ಬರಲು ಕಡ್ಡಿ ತಂದು ಬುಟ್ಟಿ ಹೆಣೀತೀವಿ. ಸವಳ ನೆಲದಾಗ ಅದನ್ನ ಹೆಂಗ ಹಚ್ಚಬೇಕು ಅನ್ನೂದು ನಮ್ಮವ್ವಗ ಗೊತ್ತಿತ್ತು. ಆಕಿ ಹೇಳಿದಂಗ ಬ್ಯಾಸಿಗಿ ಉದ್ದಕ್ಕೂ ಮುಂಜಾನೆದ್ದು ಕಸಬರಗಿ ಹಿಡಕೊಂಡು ಹಿತ್ತಲದ ನೆಲದ ಮ್ಯಾಲಿನ ಬಿಳೇ ಪುಡಿ ಬಳದೆ. ಊರ ಮಂದಿ ಬಾಯಿ ತುಂಬ ನಕ್ಕಿತು. ಹೊಲಕ್ಕ ಕಸ ಹೊಡಿಯೂ ಸೊಸಿ ಅಂತ ನನಗ ಹೆಸರ ಬಿತ್ತು. ನಗದಾಕಿ ಒಬ್ಬಾಕಿನ, ಅಗಸರ ಅಕ್ಕ. ಬಳದ ಸವಳ ಮಣ್ಣನ್ನ ಬುಟ್ಟಿ ತುಂಬಿಕೊಂಡು ಹೋಗ್ತಿದ್ಳು, ಅರಿವಿ ಒಗ್ಯಾಕ ಅದಕ್ಕಿಂತ ಛಲೋದು ಇಲ್ಲ. ಬದಲಿಗೆ ನಮ್ಮ ಮನಿ ಅರಿವಿ ಒಗದು ಕೊಡ್ತಿದ್ಳು.

ಆಮ್ಯಾಲೆ ಮಣ್ಣು ಏರಿಸಿ ಬೋದು ಮಾಡಿದೆ. ಉಪ್ಪಿಗೂ ದೊಡ್ಡಸ್ತಿಕಿ ಇರತೈತಿ, ಬೋದಿನ ನೆತ್ತಿ ಮ್ಯಾಲೆ ಏರಿ ಕುಂಡರತೈತಿ. ಅದಕ್ಕ ಕಡ್ಡಿ ನೆತ್ತಿಗೆ ಹಚ್ಚಬಾರದು, ಪಕ್ಕಕ್ಕ, ಹೆಗಲಿಗೆ ಹಚ್ಚಬೇಕು. ಮೊದಲನೇ ಮಳಿ ಆದಮ್ಯಾಲೆ ಅವ್ವ ಒಂದು ಹೊರಿ ಲಕ್ಕಿ ಕಡ್ಡಿ ಕೊಯ್ದು ಕಳಿಸಿದ್ಳು, ಬಟ್ಟಿನಷ್ಟ ದಪ್ಪದ್ದು. ಸಾಲ ಹಿಡದು ಹಚ್ಚಿದೆ. ಎಮ್ಮಿ ಗೂಟದ ಮೂಲಿ ಬಿಟ್ಟು ಇಡೀ ಹಿತ್ತಲ ತುಂಬ ಬರೇ ಕಡ್ಡಿ.

ಹಚ್ಚಿ ಎಂಟ ದಿನ ಆಗಿರ್ಲಿಲ್ಲ, ಗೋಕಾಕದಿಂದ ಟಾಂಗಾದಾಗ ಒಬ್ಬ ಸಾಹೇಬ ಬಂದ. ಬೆಳಿ ಭೂಮಿ ನೋಡೂ ಸಾಹೇಬ. ತಲಿ ಮ್ಯಾಲೆ ಟೊಪ್ಪಿಗಿ, ಕಾಲಾಗ ಬೂಟು, ಕಿಸೆದಾಗ ಕಾಜಿನ ನಳಿಗಿ. ಕಾಲುವಿ ಕೆಳಗಿನ ಸವಳ ನೆಲಕ್ಕ ಏನ ಬೆಳೀಬೇಕು ಅಂತ ಹುಡುಕಾಕ ಬಂದೇನಿ ಅಂದ. ನಳಿಗ್ಯಾಗ ನಮ್ಮ ಮಣ್ಣು ನೀರು ಹಾಕಿ ಅಲುಗಾಡಿಸಿದ, ಬಿಸಲಿಗೆ ಹಿಡದ, ತಲಿ ಅಲ್ಲಾಡಿಸಿದ.

ಈ ಕಡ್ಡಿ ಏನು ಅಂತ ಕೇಳಿದ. ಲಕ್ಕಿ ಹಚ್ಚೇನ್ರಿ ಅಂದೆ. ಕೇಳಿದಾಂವ ನನ್ನ ಉತ್ತರಕ್ಕ ನಿಲ್ಲಲಿಲ್ಲ, ಬೇಲಿ ಗೂಟ ಅಂತ ಬರಕೊಂಡ. ಈ ನೆಲದಾಗ ಏನೂ ಬರೂದಿಲ್ಲ, ಪರದೇಶದಿಂದ ಬೀಜ ತರಿಸಿ ನೋಡಬೇಕು ಅಂತ ಅತ್ತಿಗೆ ಹೇಳಿದ. ಅತ್ತಿ ನನ್ನ ಕಡೆ ನೋಡಿದ್ಳು. ಸಾಹುಕಾರ ಗ್ವಾಡಿ ಆಚಿಂದ ಅತ್ತಿ ಕಡೆ ನೋಡಿದ.

ಹೊರಡೂ ಮುಂದ ಸಾಹೇಬನ ಬೂಟಿಗೆ ಹಿಡಿ ಹಿಡಿ ರಾಡಿ ಮೆತ್ತಿಕೊಂಡಿತ್ತು. ಆಚೆ ಈಚೆ ನೋಡಿ, ನನ್ನ ಸಾಲಿನಾಗಿನ ಅಗದಿ ಛಲೋ ಕಡ್ಡಿ ಒಂದನ್ನ ಸರಕ್ಕನ ಕಿತ್ತ. ಬೂಟು ಕೆರಕೊಂಡ. ಕಡ್ಡಿ ಕೈಗೆ ಹಿತ ಅನ್ನಿಸಿತು, ಬೀಸ್ಕೋತ ಟಾಂಗಾ ಹತ್ತಿದ.

"ಸಾಹೇಬ್ರ, ಅದನ್ನ ಇಟ್ಟು ಹೋಗ್ರಿ," ಅಂದೆ.

"ಒಂದು ಕಡ್ಡಿಗೆ ಯಾಕ ಇಷ್ಟು ಜೀವ ಬಿಡ್ತೀಯವಾ," ಅಂದ. "ನಿಮ್ಮೂರಾಗ ಕಡ್ಡಿಗೂ ಬರ ಐತೇನು?"

ಅಲ್ಲಿ ಏನೂ ಬೆಳೆಯೂದಿಲ್ಲ ಅಂತ ಬರಕೊಂಡು, ಬೆಳೆಯೂದನ್ನ ಕಿತ್ಕೊಂಡು ಹೋದ. ಅಷ್ಟು ಓದಿದ್ದ.

ಆ ಜಾಗ ನಾ ಹಂಗ ಖಾಲಿ ಬಿಟ್ಟೆ. ಬ್ಯಾರೆ ಕಡ್ಡಿ ಇತ್ತು, ಹಚ್ಚಬಹುದಾಗಿತ್ತು. ಸಿಟ್ಟಿಗೆ ಬಿಟ್ಟೆ.

ಐದು: ಸಾಹುಕಾರನ ಹೋರಿ

ಮಳಿ ಹಿಡೀತು, ಕಡ್ಡಿ ಚಿಗತ್ವು. ದಸರಿಗೆ ಮೊಣಕಾಲ ಮಟಾ, ಸಂಕ್ರಾಂತಿಗೆ ಎದಿ ಮಟಾ. ಸಾಹುಕಾರ ದಿನಾ ಗ್ವಾಡಿ ಆಚಿಂದ ನೋಡ್ತಿದ್ದ. ಮೊದಲ, ಪಾಪ ತಂಗಿ ಎಷ್ಟು ದುಡೀತಾಳ ಅಂತಿದ್ದ. ಆಮ್ಯಾಲೆ ಪಾಪ ಅನ್ನೂದು ಬಿಟ್ಟ. ಆಮ್ಯಾಲೆ ಮಾತಾಡೂದ ಬಿಟ್ಟ.

ಒಂದಿನ ಮಧ್ಯಾಹ್ನ ಅವನ ಜೋಡಿ ಹೋರಿ, ನಮಗ ಕೊಡ್ತೇನಿ ಅಂದಿದ್ನಲ್ಲ ಅದ ಜೋಡಿ, ಹಗ್ಗ ಹರಕೊಂಡು ನಮ್ಮ ಹಿತ್ತಲ ಹೊಕ್ಕುವು. ಹರಕೊಂಡು ಅಂತ ಅಂವ ಹೇಳಿದ್ದು. ನಾ ಹಗ್ಗ ನೋಡೇನಿ. ಗಂಟು ನೀಟಾಗಿ ಬಿಚ್ಚಿತ್ತು, ಹೋರಿಗೆ ಕೈ ಮೂಡಿರಬೇಕು.

ಹೊಟ್ಟಿ ಹಸಿದ ಹೋರಿ, ಎದಿ ಮಟಾ ಹಸರು. ಹೋರಿ ಬಂದು ಲಕ್ಕಿಗೆ ಮೂತಿ ಹಚ್ಚಿದ್ವು. ಮೂಸಿದ್ವು. ಲಕ್ಕಿ ವಾಸನಿ ನಿಮಗ ಗೊತ್ತೈತಿ, ಮೂಗಿನಾಗ ಹೊಕ್ರ ನೆತ್ತಿಗೆ ಹೋಗತೈತಿ. ಒಂದು ಸೀನಿತು. ಅದನ್ನ ನೋಡಿ ಇನ್ನೊಂದೂ ಸೀನಿತು. ಎರಡೂ ಮುಖ ತಿರುವಿದ್ವು.

ತಿರುವಿದ ಕಡೆ ಅಗಸರ ಅಕ್ಕ ಲಕ್ಕಿ ಕಂಟಿ ಮ್ಯಾಲೆ ಅರಿವಿ ಒಣಗಾಕ ಹಾಕಿದ್ಳು. ಅದರಾಗ ಸಾಹುಕಾರನ ಜರಿ ಅಂಚಿನ ಧೋತರ. ಆ ಸಂಜಿ ಅವನ ಮಗಳನ್ನ ನೋಡಾಕ ಹುಕ್ಕೇರಿ ಕಡಿಂದ ಬೀಗರು ಬರೂರಿದ್ರು, ಅದಕ್ಕಂತ ಒಗ್ಯಾಕ ಕೊಟ್ಟ ಧೋತರ. ನನ್ನ ಸವಳ ಮಣ್ಣಿನಾಗ ಒಗದದ್ದು, ಅಂಚಿನಾಗ ಇನ್ನೂ ಉಪ್ಪಿನ ರುಚಿ ಇತ್ತು. ಒಂದು ಹೋರಿ ಈ ತುದಿ ಬಾಯಾಗ ಹಾಕ್ಕೊಂಡಿತು, ಇನ್ನೊಂದು ಆ ತುದಿ. ಮೇಯಾಕ ಸುರು ಮಾಡಿದ್ವು.

ಸಾಹುಕಾರ ಓಡಿ ಬಂದ. ಊರಾಗಿಲ್ಲ ಅಂತ ಹೇಳಿಸಿದ್ದಾಂವ ಎಲ್ಲಿಂದ ಬಂದನೋ. ನಡುವ ಹಿಡದು ಜಗ್ಗಿದ. ಹೋರಿ ಎರಡು ಕಡೆಯಿಂದ ನುಂಗ್ಕೋತ ಅವನ ಕಡೆ ಬಂದ್ವು. ಅಗಸರ ಅಕ್ಕ ಸೊಂಟದ ಮ್ಯಾಲೆ ಕೈ ಇಟ್ಕೊಂಡು ನೋಡಿದ್ಳು. "ಸಾಹುಕಾರ್ರ, ಬಿಡ್ರಿ," ಅಂದ್ಳು, "ನಡುವಿನ ತುಂಡ ಸಿಕ್ರೂ ಅದನ್ನ ಎಲ್ಲಿ ಉಡ್ತೀರಿ?"

ಬೀಗರ ಮುಂದ ಸಾಹುಕಾರ ಹೋದ ವರ್ಷದ, ಹರದಲ್ಲಿ ತ್ಯಾಪಿ ಹಚ್ಚಿದ ಧೋತರ ಉಟ್ಟು, ತ್ಯಾಪಿ ಕಾಣಬಾರದಂತ ಸಂಜಿಯೆಲ್ಲಾ ಒಂದ ಕಡೆ ವಾಲಿ ಕುಂತಿದ್ನಂತ. ಅತ್ತಿ ಮಾತ್ರ ಅವತ್ತ ಮೊದಲನೇ ಸಲ ಆ ಹೋರಿ ಕಡೆ ಸಂಶಯದಿಂದ ನೋಡಿದ್ಳು. "ಇವನ್ನ ಮನಿಗೆ ತಂದ್ರ," ಅಂದ್ಳು, "ನನ್ನ ಸೀರಿ ಗತಿ ಏನು?"

ಆರು: ಯುಗಾದಿ ದಿನ

ಯುಗಾದಿ ಬಂತು. ಬೇವು ಬೆಲ್ಲ ತಿಂದು ಹಿರ್‍ಯಾರು ನಾಲ್ಕು ಮಂದಿ ನಮ್ಮ ಹಿತ್ತಲದ ಕಟ್ಟಿ ಮ್ಯಾಲೆ ಕುಂತ್ರು. ಹಬ್ಬಕ್ಕ ಬಂದ ಬಾಗೇವಾಡಿ ಮಾವನೂ ಇದ್ದ, ಎಮ್ಮಿಯಿಂದ ದೂರ ಕುಂತಿದ್ದ. ಘೋಡಗೇರಿಯಿಂದ ನಮ್ಮಣ್ಣ ಬಂದಿದ್ದ. ಎಮ್ಮಿ ಹೊಡಕೊಂಡು ಹೋಗೂದಾದ್ರ ಅಂವನ ಹೋಗಬೇಕು, ಅದಕ್ಕ ಹಗ್ಗ ತಂದಿದ್ದ. ಆ ಹಗ್ಗ ನೋಡಿ ನಾ ಹೋಳಗಿ ಅರ್ಧಕ್ಕ ಬಿಟ್ಟು ಎಮ್ಮಿಗೆ ಮೇವು ಹಾಕಾಕ ಎದ್ದೆ.

ಹಿತ್ತಲ ತುಂಬ ಹಸರ ನಿಂತಿತ್ತು, ನೀಲಿ ಹೂವು ಬಿಟ್ಟಿತ್ತು. ಕಣ್ಣಿದ್ದವರಿಗೆ ಬ್ಯಾರೆ ಸಾಕ್ಷಿ ಬೇಕಾಗಿರ್ಲಿಲ್ಲ. ಆದ್ರ ಸಾಹುಕಾರ ಎದ್ದು ನಿಂತ. ಇದು ಬೆಳಿ ಅಲ್ಲ, ಕಂಟಿ ಅಂದ. ಹಳ್ಳದ ದಂಡ್ಯಾಗ ತಾನಾಗೇ ಹುಟ್ಟತೈತಿ, ಅದಕ್ಕ ಯಾರೂ ನೀರು ಹಾಕೂದಿಲ್ಲ, ಯಾರೂ ಬೆಳಸೂದಿಲ್ಲ. ತಾನಾಗೇ ಬಂದದ್ದನ್ನ ಬೆಳಿಸಿದೆ ಅಂದ್ರ ಹೆಂಗ ಅಕ್ಕಾರ, ನಾಳಿ ಯಾರರೆ ಮಳಿ ನಾ ತರಿಸಿದೆ ಅಂತಾರ ಅಂದ.

ಬಾಗೇವಾಡಿ ಮಾವ ಹೌದೌದು ಅಂತ ತಲಿ ಹಾಕಿದ. ನನ್ನ ಮೈದುನ ನಡುವ ಬಾಯಿ ಹಾಕಿ, ಸಮುದ್ರದ ದಂಡ್ಯಾಗ ಲಕ್ಕಿಗೆ ಯಾರೂ ಕಿಮ್ಮತ್ತು ಕೊಡೂದಿಲ್ಲ ಅಂದ. ಹಿರ್‍ಯಾರು ಮೀಸಿ ತಿಕ್ಕಿಕೊಂಡ್ರು.

"ಹಸರ ನಿಂತ್ರ ಅಂದಿದ್ರಿ ಅತ್ತಿಯವ್ರ," ಅಂದೆ. "ತಿನ್ನೂದು ನಿಂತ್ರ ಅಂದಿರ್ಲಿಲ್ಲ."

ಅತ್ತಿ ನನ್ನ ನೋಡಿದ್ಳು, ತನ್ನ ತಮ್ಮನ್ನ ನೋಡಿದ್ಳು, ಹಿರ್‍ಯಾರನ್ನ ನೋಡಿದ್ಳು. ಅಷ್ಟು ಮಂದಿ ಗಂಡಸರು ಒಂದ ಕಡೆ ತಲಿ ಹಾಕಿದ ಮ್ಯಾಲೆ ಆಕಿ ಒಬ್ಬಾಕಿ ಏನ ಹೇಳಬೇಕು. ನಮ್ಮಣ್ಣ ಹಗ್ಗ ಬಿಚ್ಚಾಕತ್ತಿದ.

ಆವಾಗ ಬಾಗಲದಾಗ ಟಾಂಗಾ ಬಂದು ನಿಂತಿತು. ಇಳಿದಾಂವ ಗೋಕಾಕದ ಟೊಪ್ಪಿಗಿ ಸಾಹೇಬ. ಎರಡೂ ಕೈಯಾಗ ಒಂದು ಮಣ್ಣಿನ ಕುಂಡ, ಹಸಗೂಸು ಹಿಡದಂಗ ಹಿಡದಿದ್ದ. ಕುಂಡದಾಗ ಒಂದು ಗಿಡ. ಗಿಡಕ್ಕ ದಾರದಿಂದ ಕಟ್ಟಿದ ಚೀಟಿ.

ಹಿರ್‍ಯಾರು ಎದ್ದು ಜಾಗ ಕೊಟ್ರು. ಸಾಹೇಬ ನಿಂತ ಸುರು ಮಾಡಿದ. ನಿಮ್ಮಂ‌ಥಾ ಬಡ ರೈತರ ಸಲುವಾಗಿ ಒಂಬತ್ತು ತಿಂಗಳು ತಪಸ್ಸು ಮಾಡೇನಿ ಅಂದ. ಪರದೇಶದ ಹನ್ನೆರಡು ಥರದ ಬೀಜ ಹಾಕಿ ನೋಡಿದೆ, ಒಂದೂ ಸವಳಿಗೆ ತಡೀಲಿಲ್ಲ. ಕಡೀಕ ನನ್ನ ಬಂಗಲೆ ಪಡಸಾಲ್ಯಾಗ ಈ ಗಿಡ ಸಿಕ್ತು. ಅಡಗಿಯವ ಬಳ್ಳಿ ಹಬ್ಬಸಾಕ ಕುಂಡದಾಗ ಒಂದು ಕಡ್ಡಿ ಚುಚ್ಚಿದ್ದ, ಬಳ್ಳಿ ಸತ್ತಿತು, ಕಡ್ಡಿ ಚಿಗೀತು. ಉಪ್ಪ ನೀರು ಹಾಕಿ ನೋಡಿದೆ, ಸಾಯಲಿಲ್ಲ. ದನದ ಮುಂದ ಇಟ್ಟು ನೋಡಿದೆ, ತಿನ್ನಲಿಲ್ಲ. ಭಾಳ ಅಪರೂಪದ ಗಿಡ. ಹಿಂಗಂದು ಚೀಟಿ ನೋಡಿ ಒಂದು ಉದ್ದನ್ನ ಹೆಸರ ಓದಿದ, ಓದೂದರಾಗ ಅವಂಗ ಉಸರ ಸಾಲಲಿಲ್ಲ.

ಆಮ್ಯಾಲೆ ನನ್ನ ಕಡೆ ತಿರುಗಿ, ಕೂಸಿಗೆ ಹೇಳಿದಂಗ ಸಾವಕಾಶ ಹೇಳಿದ. "ಇದನ್ನ ಬೆಳಸೂದು ಸುಲಭ ಅಲ್ಲವಾ. ಜ್ಞಾನ ಬೇಕು. ಹೆಂಗ ಹಚ್ಚಬೇಕು ಅಂತ ನಾ ಕಲಸ್ತೇನಿ."

ಮಂದಿ ಕುಂಡದ ಕಡೆ ನೋಡಿತು. ಸಾಹೇಬನ ಬೆನ್ನ ಹಿಂದ ಇದ್ದ ಹಿತ್ತಲದ ಕಡೆ ನೋಡಿತು. ಮತ್ತ ಕುಂಡದ ಕಡೆ ನೋಡಿತು. ಮೊದಲ ನಗೂದು ಯಾರು ಅಂತ ಎಲ್ಲಾರೂ ತಡಕೊಂಡು ನಿಂತಿದ್ರು.

"ಸಾಹೇಬ್ರ," ಅಂದ್ರು ನಮ್ಮ ಮನಿಯವರು, "ಅದನ್ನ ತವರಿಗೆ ಕರಕೊಂಡು ಬಂದದ್ದು ಛಲೋ ಆತು. ಹಬ್ಬದ ದಿನ."

ಸಾಹೇಬ ತಿರುಗಿ ನೋಡಿದ. ಸಾಲ ಸಾಲ ಲಕ್ಕಿ, ಆಳೆತ್ತರ. ಕುಂಡದಾಗಿನದು ಅದರ ಮುಂದ ಮೊಮ್ಮಗಳಿದ್ದಂಗ ಇತ್ತು. ನಾ ಹೋಗಿ ಅವನ ಕೈಯಿಂದ ಕುಂಡ ಇಸಗೊಂಡೆ. ಅದು ನೀವು ಬೂಟು ಕೆರಕೊಂಡ ಕಡ್ಡಿರಿ ಅಂದೆ. ಸಾಲಿನಾಗ ಖಾಲಿ ಬಿಟ್ಟ ಜಾಗ ಇತ್ತಲ್ಲ, ಅಲ್ಲಿ ತಂದು ಇಟ್ಟೆ. ಹಲ್ಲು ಕಿತ್ತ ಬಾಯಿಗೆ ಹಲ್ಲು ಕುಂಡರ್ಸಿದಂಗ ಕುಂತಿತು.

ಮೊದಲ ನಕ್ಕಾಕಿ ಅತ್ತಿ. ಆಕಿ ನಕ್ಕದ್ದನ್ನ ಅಷ್ಟು ಜೋರ ನಾ ಅಲ್ಲೀ ಮಟಾ ಕೇಳಿರ್ಲಿಲ್ಲ. ಕಣ್ಣೊರಸ್ಕೊಂಡು ಸಾಹುಕಾರನ ಕಡೆ ತಿರುಗಿದ್ಳು. "ನೀವು ತಾನಾಗೇ ಬೆಳೀತೈತಿ ಅಂತೀರಿ," ಅಂದ್ಳು. "ಸಾಹೇಬ್ರು ಜ್ಞಾನ ಬೇಕು ಅಂತಾರ. ಸಾಹೇಬ್ರದು ಸುಳ್ಳು ಅಂತೀರೇನು ಸಾಹುಕಾರ್ರ?"

ಸರಕಾರದ ಟೊಪ್ಪಿಗಿ ಮುಂದ ಸುಳ್ಳು ಅನ್ನೂ ಗಂಡಸು ಆಗ ಮಸಗುಪ್ಪಿಯಾಗ ಇರ್ಲಿಲ್ಲ. ಸಾಹುಕಾರ ಇಲ್ಲ ಇಲ್ಲ ಅಂದ. ಹಂಗಾದ್ರ ಹಿತ್ತಲ ಸೊಸೀದು, ನಿಮ್ಮ ಗಾಣ ಒಯ್ರಿ ಅಂದ್ಳು ಅತ್ತಿ. ನಮ್ಮಣ್ಣ ಹಗ್ಗ ಸುತ್ತಿ ಹೆಗಲಿಗೆ ಹಾಕ್ಕೊಂಡ, ಹೋಳಗಿ ತಿನ್ನಾಕ ಒಳಗ ಹೋದ. ಗಾಣ ಒಯ್ಯಾಕ ಬಂದ ಆಳು, ಇದನ್ನ ಯಾರು ತಿಕ್ಕಿದ್ರು, ಇಷ್ಟು ಫಳಫಳ ಹೊಳೀತೈತಿ ಅಂತ ಕೇಳಿದ್ರು. ನಮ್ಮ ಎಮ್ಮಿ ಒಂದ ವರ್ಷ ಮೈ ತಿಕ್ಕಿದ್ದಕ್ಕ ನಾವು ಏನೂ ಕೇಳಲಿಲ್ಲ. ದೊಡ್ಡ ಮನಸ್ಸು ಮಾಡಿದ್ವಿ.

ಆಮ್ಯಾಲೆ ಯಾರ್‍ಯಾರು ಏನಾದ್ರು

ಸಾಹುಕಾರ ಗಾಣವನ್ನ ತನ್ನ ಹೊಲದಾಗ ಹಾಕಿದ. ಮಗಳ ಲಗ್ನ ಹುಕ್ಕೇರಿ ಬೀಗರ ಕೂಡ ಆತು. ಒಂದ ಕಡೆ ವಾಲಿ ಕುಂಡರೂದು ಅವರ ಮನ್ಯಾಗ ದೊಡ್ಡವರ ಲಕ್ಷಣ ಅಂತ ತಿಳಕೊಂಡ್ರಂತ. ಹೋರಿ ಬೆಳದು ಎತ್ತಾದ್ವು, ಸಾಯೂ ಮಟಾ ಬಿಳೇ ಅರಿವಿ ಕಂಡ್ರ ಬಿಡ್ತಿರ್ಲಿಲ್ಲ.

ಟೊಪ್ಪಿಗಿ ಸಾಹೇಬಗ ವರ್ಗ ಆತು. ಹೋಗೂ ಮೊದಲ ಸವಳ ನೆಲಕ್ಕ ಲಕ್ಕಿ ಛಲೋ ಅಂತ ಸರಕಾರಕ್ಕ ಬರದ್ನಂತ. ಅದರಾಗ ನನ್ನ ಹೆಸರ ಇಲ್ಲ. ನಮ್ಮವ್ವನ ಹೆಸರಂತೂ ಇಲ್ಲ. ಅಡಗಿಯವಂದೂ ಇಲ್ಲ, ಪಾಪ.

ನನ್ನ ಮೈದುನ ಮತ್ತ ಸಮುದ್ರ ನೋಡಾಕ ಹೋಗಲಿಲ್ಲ, ಆದ್ರ ಸಾಯೂ ಮಟಾ ಅದರ ಮಾತು ಬಿಡಲಿಲ್ಲ. ಅವನ ಹೆಂಡತಿ ಅವಂಗ ಸಪ್ಪನ ಸಾರು ಮಾಡಿ ಹಾಕಿ ಹಾಕಿ ಆ ಚಟ ಅರ್ಧ ಬಿಡಿಸಿದ್ಳು. ಅಗಸರ ಅಕ್ಕನ ಅರಿವಿ ಸುತ್ತಲಿನ ಊರಾಗೆಲ್ಲಾ ಬೆಳ್ಳಗ ಅಂತ ಹೆಸರಾತು. ಆಕಿ ಮಣ್ಣು ಎಲ್ಲೀದು ಅಂತ ಕಡೀ ಮಟಾ ಯಾರಿಗೂ ಹೇಳಲಿಲ್ಲ.

ನಮ್ಮ ಮನಿಯವರು ಹೋಗಿ ಭಾಳ ವರ್ಷ ಆತು. ಅವರು ಆಡಿದ ಮಾತು ಇಷ್ಟು ದಿನ ನೆನಪಿಟ್ಕೊಳ್ಳಾಕ ನನಗ ತ್ರಾಸ ಆಗಿಲ್ಲ, ಇದ್ದದ್ದ ಅಷ್ಟ.

ಅತ್ತಿಗೆ ಮುಪ್ಪಿನಾಗ ಮೈ ಕೈ ನೋವು. ದಿನಾ ಲಕ್ಕಿ ಎಲಿ ಕುದಿಸಿದ ನೀರು ಹಾಕಬೇಕು, ಇಲ್ಲಂದ್ರ ನಿದ್ದಿ ಇಲ್ಲ. ಜಳಕ ಮಾಡಿ ಕಟ್ಟಿ ಮ್ಯಾಲೆ ಕುಂತು, ಬಂದವರಿಗೆಲ್ಲಾ ಹಿತ್ತಲ ತೋರಿಸಿ, ಈ ಲಕ್ಕಿ ನಾನ ಹಚ್ಚಿಸಿದ್ದು ಅಂತಿದ್ಳು. ಹಚ್ಚಿಸಿದ್ದು ಅನ್ನೂದು ಖರೇನ ಅಲ್ಲೇನು.

ಬಾಗೇವಾಡಿ ಮಾವ ಆಮ್ಯಾಲೆ ಯಾವ ಊರಾಗೂ ಮಣ್ಣ ತಿನ್ನಲಿಲ್ಲ. ನಮ್ಮ ಮನಿಗೆ ಬಂದ್ರ ನೀರು ಕುಡಿಯೂ ಮೊದಲೂ ಒಮ್ಮಿ ಮೂಸಿ ನೋಡ್ತಿದ್ದ.

ನನ್ನ ಎಮ್ಮಿ ಅದ ಗೂಟದಾಗ, ಅದ ಮೂಲ್ಯಾಗ, ನಾ ಹಾಕಿದ ಮೇವು ತಿಂದು ಮುದುಕಿ ಆಗಿ ಹೋತು. ಆ ಮೂಲಿ ಖಾಲಿ ನೋಡಾಕ ನನ್ನಿಂದ ಆಗಲಿಲ್ಲ, ಗೂಟ ಕಿತ್ತು ಅಲ್ಲೂ ಒಂದು ಲಕ್ಕಿ ಕಡ್ಡಿ ಹಚ್ಚಿದೆ. ಬ್ಯಾರೆ ಲಕ್ಕಿ ಎಲ್ಲಾ ಆಳೆತ್ತರ ನಿಂತ್ವು. ಆ ಮೂಲೀದು ಒಂದ ವರ್ಷದಾಗ ಮನಿ ಮಾಳಿಗಿ ಮುಟ್ಟಿತು. ಇಡೀ ಊರಾಗ ಇದಕ್ಕಿಂತ ಛಲೋ ಮಣ್ಣು ನಿಮಗ ಸಿಗೂದಿಲ್ಲ ಅಂತ ಮಾವ ಎರಡು ಚಿಟಿಕಿ ತಿಂದು ಹೇಳಿದ್ದ. ಅಷ್ಟೂ ಶ್ಯಾಣ್ಯಾರೊಳಗ ಖರೆ ಹೇಳಿದಾಂವ ಅವನೊಬ್ಬನ, ನಾವ ಅವನ ಬಾಯಿ ತೊಳಿಸಿ ಕಳಿಸಿದ್ವಿ.